ಸೀರೆ ನಡೆದು ಬಂದಾಗ

ಅಂಗಡಿಯ ಕಪಾಟಿನಲ್ಲಿ ಮಡಿಸಿಟ್ಟ ಸೀರೆಯ ಬಗ್ಗೆ ಈ ಅಂಕಣದಲ್ಲಿ ನಾನು ತೀರ್ಪು ಕೊಡುವುದಿಲ್ಲ. ಮಡಿಕೆಯಲ್ಲಿ ಬಣ್ಣ ಕಾಣುತ್ತದೆ, ಅಂಚು ಕಾಣುತ್ತದೆ, ಜರಿಯ ಹೊಳಪು ಕಾಣುತ್ತದೆ. ಬಟ್ಟೆಯ ಸ್ವಭಾವ ಮಾತ್ರ ಕಾಣುವುದಿಲ್ಲ. ಅದು ತಿಳಿಯಬೇಕಾದರೆ ಯಾರಾದರೂ ಉಟ್ಟು ನಾಲ್ಕು ಹೆಜ್ಜೆ ಹಾಕಬೇಕು, ತಿರುಗಬೇಕು, ಮತ್ತೆ ನಡೆದು ಹೋಗಬೇಕು. ಉಟ್ಟವಳಿಗೂ ತನ್ನ ಸೀರೆಯ ನಡೆ ಕಾಣುವುದಿಲ್ಲ. ಕನ್ನಡಿ ತೋರಿಸುವುದು ನಿಂತ ಸೀರೆಯನ್ನು. ಫ್ಯಾಷನ್ ಷೋ ಅಂದರೆ ಮುಖ ತಿರುಗಿಸುವವರು ನಮ್ಮ ಮಂಡ್ಯ ಸೀಮೆಯಲ್ಲಿ ಬಹಳ ಮಂದಿ. ಅವರಿಗೆ ನನ್ನ ಉತ್ತರ ಇದೇ: ರ‍್ಯಾಂಪ್ ಇರುವುದು ಬಟ್ಟೆಯ ನಡಿಗೆ ನೋಡಲಿಕ್ಕೆ.

ಇತ್ತೀಚೆಗೆ ಬೆಂಗಳೂರಿನಲ್ಲಿ ಅಂಥದೊಂದು ಷೋ ನೋಡಿ ಬಂದೆ. ಮೊದಲ ಸುತ್ತುಗಳಲ್ಲಿ ಹರಳು, ಗರಿ, ನೆಲ ಗುಡಿಸುವ ಗೌನು. ಒಂದೆರಡು ಚೆನ್ನಾಗಿದ್ದವು, ಉಳಿದವು ನೆನಪಿನಲ್ಲಿಲ್ಲ. ಕೊನೆಯ ಸುತ್ತಿನಲ್ಲಿ ಬಂದದ್ದು ಮೈಸೂರು ರೇಷ್ಮೆ. ಬುಟ್ಟಾ ಇಲ್ಲ, ಕಸೂತಿ ಇಲ್ಲ. ಒಂದೇ ಬಣ್ಣದ ಒಡಲು, ತೆಳ್ಳನೆಯ ಜರಿ ಅಂಚು. ಸಂಗೀತ ತಗ್ಗಿಸಿದ್ದರು. ಗಿಣಿಹಸಿರು ಸೀರೆಯ ಹುಡುಗಿ ರ‍್ಯಾಂಪಿನ ತುದಿಗೆ ಬಂದು ತಿರುಗಿದಳು. ತಿರುಗುವಾಗ ಅಗಲಕ್ಕೆ ಬಿಚ್ಚಿಕೊಂಡ ಸೆರಗು ಅವಳು ಎರಡನೇ ಹೆಜ್ಜೆ ಇಡುವಷ್ಟರಲ್ಲಿ ತನ್ನ ಗೆರೆಗೆ ಬಂದು ನಿಂತಿತ್ತು. ನೆರಿಗೆಗಳು ಪ್ರತಿ ಹೆಜ್ಜೆಗೂ ಅರಳಿ ಕೂಡಿಕೊಳ್ಳುತ್ತಿದ್ದವು, ಒಂದೂ ಸುಕ್ಕಿಲ್ಲ, ಒಂಚೂರು ಸದ್ದಿಲ್ಲ. ನನ್ನ ಕಣ್ಣು ತುಂಬಿ ಬಂತು. ಸುತ್ತು ಮುಗಿಯುವವರೆಗೂ ಒರೆಸಿಕೊಳ್ಳಲಿಲ್ಲ. ಒಂದು ಹೆಜ್ಜೆಯೂ ತಪ್ಪಿಹೋಗಬಾರದಿತ್ತು.

ಆ ಸದ್ದಿಲ್ಲದಿರುವಿಕೆಗೆ ಕಾರಣವಿದೆ. ಕಂಚಿಯ ಸೀರೆ ಸರಬರ ಎನ್ನುತ್ತದೆ, ಉಟ್ಟವಳು ಬರುವ ಮೊದಲೇ ಅದರ ಸದ್ದು ಬರುತ್ತದೆ. ಮೈಸೂರಿನದು ಕ್ರೇಪು. ಅದರ ಹೊಕ್ಕಿನ ನೂಲಿಗೆ ವಿಪರೀತ ಹುರಿ ಕೊಟ್ಟಿರುತ್ತಾರೆ. ಬಲಹುರಿಯ ಎಳೆ, ಎಡಹುರಿಯ ಎಳೆ, ಸರದಿಯಂತೆ ಹೊಗುತ್ತವೆ. ಮಗ್ಗದಿಂದ ಇಳಿದಾಗ ಬಟ್ಟೆ ಇನ್ನೂ ಬಿರುಸು. ಆಮೇಲೆ ಸಾಬೂನು ನೀರಿನಲ್ಲಿ ಬೇಯಿಸಿ ರೇಷ್ಮೆಯ ಅಂಟು ತೆಗೆಯುತ್ತಾರೆ. ಅಂಟು ಹೋದ ಕೂಡಲೇ ಬಿಗಿಹಿಡಿದಿದ್ದ ಹುರಿ ಸಡಿಲಗೊಳ್ಳಲು ಹೊರಡುತ್ತದೆ, ಬಲದ್ದು ಒಂದು ಕಡೆಗೆ, ಎಡದ್ದು ಇನ್ನೊಂದು ಕಡೆಗೆ. ಆ ಜಗ್ಗಾಟದಲ್ಲಿ ಬಟ್ಟೆ ಕುಗ್ಗಿ ಮರಳಿನಂಥ ಸಣ್ಣ ತರಿ ಪಡೆಯುತ್ತದೆ. ತರಿ ಇರುವುದರಿಂದಲೇ ಅದು ಸುಕ್ಕಾಗದು, ಸದ್ದು ಮಾಡದು, ಮೈಗುಂಟ ಭಾರವಾಗಿ ಇಳಿಯುತ್ತದೆ. ನಾನು ರ‍್ಯಾಂಪಿನ ಮೇಲೆ ನೋಡಿದ ಆ ಸೆರಗಿನ ಮರಳುವಿಕೆ ಎಳೆಯೊಳಗೆ ಮೊದಲೇ ಕಟ್ಟಿಟ್ಟ ಶಕ್ತಿ. ಜಗತ್ತಿನಲ್ಲಿ ಇದಕ್ಕಿಂತ ಆಡಂಬರದ ರೇಷ್ಮೆಗಳು ಬೇಕಾದಷ್ಟಿವೆ. ನಡಿಗೆಯಲ್ಲಿ ಇದನ್ನು ಮೀರಿಸಿದ್ದನ್ನು ನಾನು ಕಂಡಿಲ್ಲ.

ಆ ಸಂಜೆ ಕಣ್ಣು ತುಂಬಿದ್ದಕ್ಕೆ ಇನ್ನೊಂದು ಕಾರಣ ನನ್ನ ಊರಿನದು. ಮಳವಳ್ಳಿ ಕಡೆಯ ನಮ್ಮ ಮನೆಯಲ್ಲಿ ಅವ್ವ ರೇಷ್ಮೆ ಹುಳು ಸಾಕುತ್ತಿದ್ದಳು. ಮರಿಹುಳುಗಳ ಚಾಕಿ ಕಟ್ಟಿದ ದಿನದಿಂದ ಮನೆಯ ಲೆಕ್ಕವೆಲ್ಲ ಜ್ವರದ ಲೆಕ್ಕ, ಅಂದರೆ ಹುಳು ಪೊರೆ ಬಿಡುವ ಸರದಿಗಳ ಲೆಕ್ಕ: ಒಂದನೇ ಜ್ವರ, ಎರಡನೇ ಜ್ವರ, ನಾಲ್ಕನೇ ಜ್ವರ ಎದ್ದಿತೆಂದರೆ ಯಾರಿಗೂ ನಿದ್ದೆಯಿಲ್ಲ. ಹುಳು ತನ್ನ ಆಯುಷ್ಯದಲ್ಲಿ ತಿನ್ನುವ ಸೊಪ್ಪಿನ ಮುಕ್ಕಾಲಕ್ಕೂ ಹೆಚ್ಚು ಪಾಲು ಆ ಕೊನೆಯ ಏಳೆಂಟು ದಿನಗಳದ್ದು. ಕತ್ತಲೆಯಲ್ಲಿ ತಟ್ಟೆಗಳಿಂದ ಅವು ಮೇಯುವ ಸದ್ದು ಪಡಸಾಲೆಗೂ ಕೇಳುತ್ತಿತ್ತು. ಹುಳು ಹಣ್ಣಾದ ಮೇಲೆ ಆರಿಸಿ ಗೂಡು ಕಟ್ಟಲು ಚಂದ್ರಿಕೆಗೆ ಬಿಡುವುದು, ಗೂಡು ಬಿಡಿಸಿ ಮಾರುಕಟ್ಟೆಗೆ ಹೊರುವುದು. ಒಂದು ಒಳ್ಳೆಯ ದ್ವಿತಳಿ ಗೂಡಿನಲ್ಲಿ ಸುಮಾರು ಸಾವಿರ ಮೀಟರ್ ಎಳೆ ಇರುತ್ತದೆ ಎಂದು ನಾನು ಕಾಲೇಜಿನಲ್ಲಿ ಓದಿ ಬಂದು ಹೇಳಿದಾಗ ಅವ್ವ, 'ಅಷ್ಟುದ್ದ ಯಾರು ಅಳದ್ರವ್ವ?' ಎಂದಿದ್ದಳು. ಗೂಡು ಹರಾಜಾದ ಮೇಲೆ ಅದು ಏನಾಗುತ್ತದೆಂದು ಅವಳು ನೋಡಿದವಳಲ್ಲ. ಮದುವೆಗೆ ಉಡುವ ಒಂದು ಮೈಸೂರು ರೇಷ್ಮೆ ಅವಳಲ್ಲಿತ್ತು. ಅವಳು ಅದನ್ನುಟ್ಟು ನಡೆಯುವಾಗ ಹಿಂದಿನಿಂದ ಹೇಗೆ ಕಾಣುತ್ತಿತ್ತೋ, ಅದನ್ನು ಆ ಸಂಜೆ ನಾನು ನೋಡಿದೆ.

ರ‍್ಯಾಂಪ್ ನೋಡಿ ಅತ್ತವರ ಕತೆಗಳಲ್ಲಿ ಪ್ರಸಿದ್ಧವಾದದ್ದು ಬ್ರಿಟನ್ನಿನ ವಿನ್ಯಾಸಕ ಅಲೆಕ್ಸಾಂಡರ್ ಮೆಕ್‌ಕ್ವೀನ್‌ನದು. 1998ರ ಸೆಪ್ಟೆಂಬರಿನ ಅವನ ಲಂಡನ್ ಷೋದಲ್ಲಿ ರೂಪದರ್ಶಿ ಶಾಲೋಮ್ ಹಾರ್ಲೊ ಬಿಳಿ ಉಡುಪು ತೊಟ್ಟು ತಿರುಗುವ ಹಲಗೆಯ ಮೇಲೆ ನಿಂತಳು. ಎರಡು ರೋಬಾಟ್‌ಗಳು ಅವಳ ಉಡುಪಿಗೆ ಬಣ್ಣ ಎರಚಿದವು. ತನ್ನ ಷೋ ನೋಡಿ ತಾನೇ ಅತ್ತದ್ದು ಅದೊಂದೇ ಸಲ ಎಂದು ಅವನು ಹೇಳಿಕೊಂಡಿದ್ದ. ಅದರ ವಿಡಿಯೊ ನೋಡಿದರೆ ನನಗೂ ಗಂಟಲು ಕಟ್ಟುತ್ತದೆ. ಆದರೆ ಅಲ್ಲಿ ಕರಗಿಸುವುದು ಯಂತ್ರಗಳ ನಡುವೆ ಸಿಕ್ಕ ಹುಡುಗಿಯ ಒಂಟಿತನ. ಬಟ್ಟೆ ಅಲ್ಲಿ ಏನನ್ನೂ ಮಾಡುವುದಿಲ್ಲ, ಅದರ ಮೇಲೆ ಮಾಡಲಾಗುತ್ತದೆ. ಬಟ್ಟೆಯೇ ಕರಗಿಸುವುದು ಬೇರೆ ಅನುಭವ, ನನ್ನ ಮಟ್ಟಿಗೆ ಇನ್ನೂ ದೊಡ್ಡದು.

ಈ ಸೀರೆಗೆ ಮೈಸೂರಿನ ಹೆಸರು ನ್ಯಾಯವಾಗಿಯೇ ಬಂದಿದೆ. ನಾಲ್ವಡಿಯವರ ಕಾಲದಲ್ಲಿ, 1912ರಲ್ಲಿ, ನೇಯ್ಗೆ ಕಾರ್ಖಾನೆ ಆದದ್ದು ಅಲ್ಲಿ. 1980ರಿಂದ ಅದು ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ (ಕೆಎಸ್‌ಐಸಿ) ಕೈಯಲ್ಲಿದೆ. ನೂಲು ತೆಗೆಯುವ ಕಾರ್ಖಾನೆ ತಿರುಮಕೂಡಲು ನರಸೀಪುರದಲ್ಲಿದೆ, ಮಳವಳ್ಳಿಯಿಂದ ದೂರವಲ್ಲ. ಆದರೆ ಹುಳುವಿನ ಕತೆ ನಮ್ಮ ಜಿಲ್ಲೆಯದೂ ಹೌದು. ಟಿಪ್ಪು ಶ್ರೀರಂಗಪಟ್ಟಣದಲ್ಲಿ ಕುಳಿತು ಬಂಗಾಳದಿಂದ ರೇಷ್ಮೆ ಹುಳು ತರಿಸಿದ ಮೇಲೆ ಈ ನೆಲದಲ್ಲಿ ಹಿಪ್ಪುನೇರಳೆ ಹಬ್ಬಿತು. ಮದ್ದೂರು, ಮಳವಳ್ಳಿಯ ಹೊಲಗಳಲ್ಲಿ ಕಬ್ಬಿನ ಪಕ್ಕದಲ್ಲೇ ಇವತ್ತಿಗೂ ಅದು ನಿಂತಿದೆ.

ಹಾಗಾಗಿ ನನ್ನದೊಂದು ಬೇಡಿಕೆ. ಮಂಡ್ಯದ ಕಲಾಮಂದಿರದಲ್ಲಿ ಒಂದು ಸಂಜೆ ಇಂಥ ಷೋ ನಡೆಯಲಿ. ಮೈಸೂರು ರೇಷ್ಮೆಯ ಜೊತೆ ಕೊಡಿಯಾಲದ ನೇಕಾರರ ಸೀರೆಗಳು ಬರಲಿ. ಸುರೇಂದ್ರ ಕೌಲಗಿಯವರು 1960ರಲ್ಲಿ ಕಟ್ಟಿದ ಮೇಲುಕೋಟೆಯ ಜನಪದ ಸೇವಾ ಟ್ರಸ್ಟಿನ ಖಾದಿಗೂ ಒಂದು ಸುತ್ತು ಇರಲಿ. 1938ರಲ್ಲಿ ಧ್ವಜ ಸತ್ಯಾಗ್ರಹ ನಡೆದ ಮದ್ದೂರಿನ ಶಿವಪುರದ ಮಂದಿಗೆ ಅದನ್ನು ನೋಡುವ ಹಕ್ಕು ಮೊದಲಿನದು. ಉಡುವವರು ನಮ್ಮ ಕಾಲೇಜುಗಳ ಹುಡುಗಿಯರೇ ಆಗಲಿ. ಎತ್ತರದ ಹಿಮ್ಮಡಿ ಬೇಡ, ಅದು ನೆರಿಗೆಯ ಲಯ ಕೆಡಿಸುತ್ತದೆ. ಸೆರಗಿಗೆ ಸಾಲು ಪಿನ್ನು ಹಾಕಿ ಕಟ್ಟಿಹಾಕಬೇಡಿ. ರ‍್ಯಾಂಪ್ ವೇದಿಕೆಯಿಂದ ಸಭೆಯ ನಡುವಿಗೆ ಚಾಚಿರಲಿ, ಸೀರೆಯ ಬೆನ್ನೂ ಕಾಣಬೇಕು. ಮೊದಲ ಸಾಲಿನ ಕುರ್ಚಿಗಳು ಗೂಡು ಬೆಳೆದವರಿಗೆ, ಗಂಡಸರಿಗಷ್ಟೇ ಅಲ್ಲ, ತಟ್ಟೆ ತಿರುವಿದ ಹೆಂಗಸರಿಗೆ. ಏಳು ಗಂಟೆಗೆಲ್ಲ ಮುಗಿಸಿಬಿಡಿ. ಮಳವಳ್ಳಿಗೆ ಹೋಗುವವರು ಬಸ್ಸು ಹಿಡಿದು, ಮನೆ ಸೇರಿ, ರಾತ್ರಿಯ ಸೊಪ್ಪು ಹಾಕಬೇಕು.