ಇನ್ನೂರು ಮೆಗಾಹರ್ಟ್ಸ್‌ನ ಬೆಲೆ

2023ರ ಅಕ್ಟೋಬರ್‌ನಲ್ಲಿ ಬಂದ ಇಂಟೆಲ್ ಕೋರ್ ಐ9-14900ಕೆ ಗರಿಷ್ಠ 6 ಗಿಗಾಹರ್ಟ್ಸ್ ಮುಟ್ಟುತ್ತದೆ. ಐದು ತಿಂಗಳ ನಂತರ, 2024ರ ಮಾರ್ಚ್‌ನಲ್ಲಿ ಬಂದ 14900ಕೆಎಸ್ 6.2 ಮುಟ್ಟುತ್ತದೆ. ಎರಡರಲ್ಲೂ ಅವೇ 24 ಕೋರ್, ಅದೇ 36 ಎಂಬಿ ಕ್ಯಾಶ್. ವೇಗ ಹೆಚ್ಚಿದ್ದು ಶೇ 3.3ರಷ್ಟು. ಬಿಡುಗಡೆಯ ಬೆಲೆ ಮಾತ್ರ 589 ಡಾಲರ್‌ನಿಂದ 689ಕ್ಕೆ, ಅಂದರೆ ಶೇ 17ರಷ್ಟು ಏರಿತು.

ತಿಪಟೂರಿನಲ್ಲೋ ತುರುವೇಕೆರೆಯಲ್ಲೋ ಮದುವೆ ವಿಡಿಯೊ ಎಡಿಟ್ ಮಾಡುವ ಸ್ಟುಡಿಯೊಗೆ ಈ ವ್ಯತ್ಯಾಸ ತಕ್ಕುದೇ ಎಂದು ತೂಗುವುದು ಈ ವಾರದ ಕೆಲಸ.

6.2 ಎಂಬುದು ಎಲ್ಲ ಕೋರ್‌ಗಳ ವೇಗವಲ್ಲ. ಒಂದೆರಡು ಕೋರ್‌ಗಳು, ಚಿಪ್ ತಣ್ಣಗಿರುವಷ್ಟು ಹೊತ್ತು ಮಾತ್ರ ಏರುವ ಎತ್ತರ ಅದು. ಉಳಿದ ಕೋರ್‌ಗಳೂ ದುಡಿಮೆಗೆ ಇಳಿದರೆ ವೇಗ ತಗ್ಗುತ್ತದೆ. ಹೋಗಲಿ, ಶೇ 3.3 ಪೂರ್ತಿ ದಕ್ಕಿತೆಂದೇ ಇಟ್ಟುಕೊಂಡರೂ ಒಂದು ಗಂಟೆಯ ರೆಂಡರ್ 58 ನಿಮಿಷಕ್ಕೆ ಮುಗಿದೀತು. ಅದೂ ಕೋರ್‌ಗಳೇ ರೆಂಡರ್ ಮಾಡಿದರೆ. ಹೆಚ್ಚಿನ ಸ್ಟುಡಿಯೊಗಳಿಗೆ ಬೇಕಾದ ಎಚ್.264, ಎಚ್.265 ಫೈಲ್‌ಗಳನ್ನು ಇಂಟೆಲ್ ಚಿಪ್‌ನೊಳಗಿನ ಕ್ವಿಕ್ ಸಿಂಕ್ ಎಂಬ ಪ್ರತ್ಯೇಕ ಭಾಗವೇ ತಯಾರಿಸಬಲ್ಲದು. ಆ ಭಾಗ ಇರುವುದು ಯುಎಚ್‌ಡಿ 770 ಗ್ರಾಫಿಕ್ಸ್‌ನಲ್ಲಿ, ಮತ್ತು ಎರಡೂ ಚಿಪ್‌ಗಳಲ್ಲಿ ಇರುವುದು ಅದೇ. ಆ ದಾರಿಯಲ್ಲಿ ರೆಂಡರ್ ಮಾಡುವವರಿಗೆ ಹೆಚ್ಚುವರಿ ನೂರು ಡಾಲರ್‌ನಿಂದ ಸಿಗುವುದು ಸೊನ್ನೆಗೆ ಹತ್ತಿರ.

ಹಾಗಾದರೆ ಕೆಎಸ್‌ನಲ್ಲಿ ಏನಿದೆ? ತೆಂಗಿನ ಸೀಮೆಯವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ಒಂದೇ ತೋಟದ ಕಾಯಿ, ಒಂದೇ ಅಟ್ಟದಲ್ಲಿ ಹತ್ತು ತಿಂಗಳು ಕೂತಿದ್ದರೂ ಸುಲಿದು ಒಡೆದಾಗ ದಪ್ಪ ಉಂಡೆ, ಸಣ್ಣದು, ಕೌಟು ಎಂದು ರಾಶಿ ಬೇರೆಯಾಗುತ್ತದೆ. ಚಿಪ್ ಕಾರ್ಖಾನೆಯಲ್ಲೂ ಒಂದೇ ಸಿಲಿಕಾನ್ ಬಿಲ್ಲೆಯಿಂದ ಕತ್ತರಿಸಿದ ಚಿಪ್‌ಗಳನ್ನು ಪರೀಕ್ಷಿಸಿ, ಹೆಚ್ಚು ವೇಗ ತಾಳುವಂಥವನ್ನು ಆರಿಸಿ ಬೇರೆ ಹೆಸರಿಡುತ್ತಾರೆ. ಕೆಎಸ್ ಎಂದರೆ ಆ ಆಯ್ದ ರಾಶಿ, ಹೊಸ ವಿನ್ಯಾಸವಲ್ಲ.

ಆಯ್ದದ್ದಾದರೂ ಕೊನೆಯ ಇನ್ನೂರು ಮೆಗಾಹರ್ಟ್ಸ್‌ಗೆ ವೋಲ್ಟೇಜ್ ಬೇಕೇ ಬೇಕು. ಚಿಪ್ ಎಳೆಯುವ ವಿದ್ಯುತ್ತು ವೇಗದ ಜೊತೆ ನೇರವಾಗಿಯೂ ವೋಲ್ಟೇಜ್‌ನ ವರ್ಗದ ಪ್ರಮಾಣದಲ್ಲಿಯೂ ಏರುತ್ತದೆ. ವೇಗ ಶೇ 3.3, ವೋಲ್ಟೇಜ್ ಶೇ 5 ಏರಿತೆಂದು ಲೆಕ್ಕ ಹಾಕಿ: ವಿದ್ಯುತ್ ಬಳಕೆ ಸುಮಾರು ಶೇ 14 ಹೆಚ್ಚುತ್ತದೆ. 14900ಕೆಗೆ ಇಂಟೆಲ್ ಇಟ್ಟ ಮಿತಿ 253 ವ್ಯಾಟ್. ಕೆಎಸ್‌ಗೆ 320 ವ್ಯಾಟ್‌ನ ಮಟ್ಟವೊಂದನ್ನೂ ಕೊಟ್ಟಿದೆ. ಮೇಜಿನಡಿ ಕೂರುವ ಸಾಮಾನ್ಯ 600 ವಿಎ ಯುಪಿಎಸ್ ತಾಳುವುದೇ ಸುಮಾರು 360 ವ್ಯಾಟ್. ಗ್ರಾಫಿಕ್ಸ್ ಕಾರ್ಡು, ಮಾನಿಟರ್ ಸೇರಿಸಿ ರೆಂಡರ್ ನಡೆಯುತ್ತಿರುವಾಗ ಕರೆಂಟ್ ಹೋದರೆ ಯುಪಿಎಸ್ ಕೈಕೊಡುತ್ತದೆ, ಅರ್ಧಕ್ಕೆ ನಿಂತ ಫೈಲನ್ನು ಮೊದಲಿಂದ ಮಾಡಬೇಕಾಗುತ್ತದೆ. ಉಳಿಸಿದ ಎರಡು ನಿಮಿಷ ಅಲ್ಲೇ ಹೋಯಿತು.

ಇಷ್ಟೆಲ್ಲ ಇದ್ದೂ ಗಿಗಾಹರ್ಟ್ಸ್ ಪಂಥದವರು ಹೊಸ ಚಿಪ್ ಬಂದಾಗಲೆಲ್ಲ ತಂಪು ಕೋಣೆಯಲ್ಲಿ, ಮುಚ್ಚಳವಿಲ್ಲದ ಬೆಂಚಿನ ಮೇಲೆ, ಹತ್ತು ನಿಮಿಷದ ಪರೀಕ್ಷೆ ಓಡಿಸಿ ಅಂಕಪಟ್ಟಿ ಹಿಡಿದು ಬರುತ್ತಾರೆ. ಈ ಅಂಕಣಕ್ಕೆ ಆ ಪದ್ಧತಿಯ ಮೇಲೆ ಹಳೆಯ ತಕರಾರಿದೆ. ಕೂಲರ್ ಎಷ್ಟೇ ದೊಡ್ಡದಿರಲಿ, ಅದು ಶಾಖವನ್ನು ಕೊಡುವುದು ಕೋಣೆಯ ಗಾಳಿಗೆ. ಕೋಣೆ ಹತ್ತು ಡಿಗ್ರಿ ಬಿಸಿಯಾದರೆ ಚಿಪ್ಪೂ ಹೆಚ್ಚುಕಡಿಮೆ ಅಷ್ಟೇ ಬಿಸಿಯಾಗುತ್ತದೆ. ಏಪ್ರಿಲ್ ಮಧ್ಯಾಹ್ನ, ಶೀಟಿನ ಛಾವಣಿಯ ಕೆಳಗೆ, ಚಿಕ್ಕನಾಯಕನಹಳ್ಳಿಯ ಕೋಣೆಯೊಂದರಲ್ಲಿ 6.2 ಎಷ್ಟು ಸೆಕೆಂಡ್ ನಿಂತೀತು ಎಂಬುದಕ್ಕೆ ಆ ಪಟ್ಟಿಯಲ್ಲಿ ಕಾಲಮ್ಮೇ ಇಲ್ಲ.

ಪರೀಕ್ಷೆ ಹೇಗಿರಬೇಕೆಂದು ತೋರಿಸಿಕೊಟ್ಟ ಪ್ರಸಂಗ 2000ನೇ ಇಸವಿಯದು. ಆ ಮಾರ್ಚ್‌ನಲ್ಲಿ ಎಎಂಡಿಯ ಅಥ್ಲಾನ್ ಮೊದಲು 1 ಗಿಗಾಹರ್ಟ್ಸ್ ಮುಟ್ಟಿತು, ಎರಡೇ ದಿನದಲ್ಲಿ ಇಂಟೆಲ್ ಕೂಡ ಅಲ್ಲಿಗೆ ಬಂತು. ಮುಂದೆ ಓಡುವ ಆತುರದಲ್ಲಿ ಇಂಟೆಲ್ ಜುಲೈ ಕೊನೆಗೆ 1.13 ಗಿಗಾಹರ್ಟ್ಸ್‌ನ ಪೆಂಟಿಯಂ 3 ಬಿಡುಗಡೆ ಮಾಡಿತು. ವೈದ್ಯಕೀಯ ಓದಿದ ಜರ್ಮನ್ ವಿಮರ್ಶಕ ಥಾಮಸ್ ಪಾಬ್ಸ್ಟ್ ಅದರ ಅಂಕ ಅಳೆದು ಸುಮ್ಮನಾಗಲಿಲ್ಲ. ಯಂತ್ರ ನಡುನಡುವೆ ಬೀಳುತ್ತಿದೆ ಎಂದು ಪಟ್ಟುಹಿಡಿದು ಬೆನ್ನುಹತ್ತಿದರು. ಲಿನಕ್ಸ್ ಕರ್ನೆಲನ್ನು ಕಂಪೈಲ್ ಮಾಡುವ, ಯಾವ ಪ್ರೋಗ್ರಾಮರೂ ದಿನಾ ಮಾಡಬಹುದಾದ ಕೆಲಸವನ್ನು ಆ ಚಿಪ್ ಪೂರೈಸಲಿಲ್ಲ. ಅಮೆರಿಕದ ಕೈಲ್ ಬೆನೆಟ್ ಅವರಿಗೂ ಅದೇ ಅನುಭವವಾಯಿತು. ಆಗಸ್ಟ್ ಮುಗಿಯುವುದರೊಳಗೆ ಇಂಟೆಲ್ ಮಾರಿದ ಚಿಪ್‌ಗಳನ್ನು ಹಿಂದಕ್ಕೆ ಕರೆಸಿಕೊಂಡಿತು. ಶೇ 13ರ ಏರಿಕೆಯೊಂದು ಹೀಗೆ ಒಂದು ತಿಂಗಳಲ್ಲಿ ಮುಗಿಯಿತು. ಪ್ರೊಸೆಸರ್ ವಿಮರ್ಶೆಯ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಕೆಲಸ ಈ ಅಂಕಣಕ್ಕೆ ಕಂಡಿಲ್ಲ.

ಇಪ್ಪತ್ತನಾಲ್ಕು ವರ್ಷಗಳ ನಂತರ ಅದೇ ಬಗೆಯ ಪಾಠ ಇನ್ನೂ ನಿಧಾನವಾಗಿ ಬಂತು. 13 ಮತ್ತು 14ನೇ ತಲೆಮಾರಿನ ಇಂಟೆಲ್ ಚಿಪ್‌ಗಳು ಕೊಂಡಾಗ ಚೆನ್ನಾಗಿದ್ದು, ತಿಂಗಳುಗಳ ಬಳಿಕ ಗೇಮ್‌ಗಳ ನಡುವೆ ಬೀಳತೊಡಗಿದವು. ಹೆಚ್ಚು ವೋಲ್ಟೇಜ್ ಮತ್ತು ಶಾಖಕ್ಕೆ ಕೋರ್‌ನೊಳಗಿನ ಗಡಿಯಾರ ಮಂಡಲ ಬೇಗ ಸವೆಯುತ್ತದೆ, ಮೊದಲು ಸಾಕಾಗುತ್ತಿದ್ದ ವೋಲ್ಟೇಜ್ ಆಮೇಲೆ ಸಾಲುವುದಿಲ್ಲ ಎಂದು 2024ರ ಸೆಪ್ಟೆಂಬರ್‌ನಲ್ಲಿ ಇಂಟೆಲ್ ವಿವರಿಸಿತು. ಆಗಸ್ಟ್‌ನ 0ಎಕ್ಸ್129 ಮೈಕ್ರೊಕೋಡ್ ಚಿಪ್ ಕೇಳುವ ವೋಲ್ಟೇಜನ್ನು 1.55ಕ್ಕೆ ಕಟ್ಟಿಹಾಕಿತು, ಹಿಂದೆಯೇ 0ಎಕ್ಸ್12ಬಿ ಬಂತು, ವಾರಂಟಿ ಎರಡು ವರ್ಷ ಹೆಚ್ಚಿತು. ಬಿಡುಗಡೆಯ ವಾರದ ಯಾವ ಅಂಕಪಟ್ಟಿಯೂ ಈ ಸವೆತವನ್ನು ಹಿಡಿಯುವಂತಿರಲಿಲ್ಲ. ಇತ್ತ 2023ರ ಏಪ್ರಿಲ್‌ನಲ್ಲೇ ಬಂದಿದ್ದ ಎಎಂಡಿಯ 7800ಎಕ್ಸ್3ಡಿ, ಎಂಟೇ ಕೋರ್, 5 ಗಿಗಾಹರ್ಟ್ಸ್ ಮತ್ತು 96 ಎಂಬಿ ಕ್ಯಾಶ್ ಇಟ್ಟುಕೊಂಡು, ಬಹುಪಾಲು ಗೇಮ್‌ಗಳಲ್ಲಿ 6 ಗಿಗಾಹರ್ಟ್ಸ್‌ನ ಚಿಪ್‌ಗಳಿಗೆ ಸಮನಾಗಿ ಅಥವಾ ಮುಂದೆ, ತೀರಾ ಕಡಿಮೆ ವಿದ್ಯುತ್ತಿನಲ್ಲಿ ಓಡುತ್ತಿತ್ತು.

ಆದ್ದರಿಂದ ಕೆಎಸ್ ಬೇಡ. ಈಗಾಗಲೇ ಕೊಂಡವರು ಮದರ್‌ಬೋರ್ಡಿನ ಬಯೋಸ್ ಹೊಸದು ಹಾಕಿ, ಇಂಟೆಲ್‌ನ ಡಿಫಾಲ್ಟ್ ಸೆಟ್ಟಿಂಗ್ ಆರಿಸಿ, 320 ವ್ಯಾಟ್‌ನ ಮಟ್ಟಕ್ಕೆ ಕೈ ಹಾಕದಿರಲಿ. ಹೊಸದಾಗಿ ಕೊಳ್ಳಲು ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗುವವರು ತಮ್ಮದೇ ಮದುವೆ ಪ್ರಾಜೆಕ್ಟೊಂದನ್ನು, ಎರಡು ಕ್ಯಾಮೆರಾದ ಕಚ್ಚಾ ಫೈಲ್‌ಗಳ ಸಮೇತ, ಎಸ್‌ಎಸ್‌ಡಿಯಲ್ಲಿ ಕೊಂಡೊಯ್ದು ಅಂಗಡಿಯಲ್ಲೇ ಅರ್ಧ ಗಂಟೆ ರೆಂಡರ್‌ಗೆ ಹಾಕಿಸಲಿ. ವ್ಯತ್ಯಾಸದ ಹಣಕ್ಕೆ ಇನ್ನೊಂದು ಎನ್‌ವಿಎಂಇ ಡ್ರೈವ್ ಬಂದರೆ ಹಾರ್ಡ್‌ಡಿಸ್ಕ್‌ನಿಂದ ಫೈಲ್ ಎಳೆಯುತ್ತ ಕಾಯುವುದು ತಪ್ಪುತ್ತದೆ. ಅಲ್ಲಿ ಉಳಿಯುವ ಸಮಯ ಎರಡು ನಿಮಿಷಕ್ಕಿಂತ ಎಷ್ಟೋ ಹೆಚ್ಚು.