ಕಪ್ಪಾದ ಪರದೆಗೆ ಪವರ್ ಬಟನ್ ಮದ್ದಲ್ಲ

ಮಂಡ್ಯ, ಮದ್ದೂರು, ಮಳವಳ್ಳಿಯ ತಾಲ್ಲೂಕು ಕಚೇರಿಗಳ ಆಸುಪಾಸಿನ ಜೆರಾಕ್ಸ್ ಅಂಗಡಿಗಳಲ್ಲಿ ಪರದೆ ಕಪ್ಪಾಗಿ ಕೀಬೋರ್ಡ್ ಮಾತು ಕೇಳದಿದ್ದರೆ ಬೆರಳು ನೇರ ಪವರ್ ಬಟನ್ನಿಗೇ ಹೋಗುತ್ತದೆ. ಪಹಣಿಗೆ ನಿಂತವರು 'ಸಿಸ್ಟಮ್ಮು ಹೋಯ್ತಾ ಸಾ?' ಅನ್ನುತ್ತಾರೆ, ಅಂಗಡಿಯವನೂ ಹೌದೆನ್ನುತ್ತಾನೆ. ಭೂಮಿ ಯೋಜನೆಯ ಕೌಂಟರುಗಳಲ್ಲಿ ರೈತನ ಕಡೆಗೂ ಒಂದು ಪರದೆ ತಿರುಗಿಸಿಟ್ಟರು; ಒಳ್ಳೆಯ ಏರ್ಪಾಡು. ಆದರೆ ಪರದೆಯೇ ಕಂಪ್ಯೂಟರ್ ಎಂಬ ನಂಬಿಕೆ ಕೌಂಟರಿನ ಎರಡೂ ಕಡೆ ಬೇರೂರಿದೆ.

ಲಿನಕ್ಸ್ ಮಟ್ಟಿಗಂತೂ ಅದು ಸುಳ್ಳು. ಅಲ್ಲಿ ಚಿತ್ರ ಮೂಡಿಸುವ ಎಕ್ಸ್ ಸರ್ವರ್ ಬರೀ ಇನ್ನೊಂದು ಪ್ರೋಗ್ರಾಂ. ಶುರುವಾಗುವಾಗ ಕೀಬೋರ್ಡನ್ನು ತನ್ನ ವಶಕ್ಕೆ ತೆಗೆದುಕೊಂಡು ಕನ್ಸೋಲನ್ನು ಗ್ರಾಫಿಕ್ಸ್ ಸ್ಥಿತಿಗೆ ಹಾಕುತ್ತದೆ, ಮುಗಿಯುವಾಗ ಹಿಂದಿರುಗಿಸಬೇಕು. ನಡುವೆ ಕುಸಿದರೆ, ಬೀಗದ ಕೈ ಕೊಡದೆ ಮನೆ ಬಿಟ್ಟ ಬಾಡಿಗೆದಾರನ ಕಥೆ. ಲಿನಕ್ಸಿನ ತಿರುಳಾದ ಕರ್ನೆಲ್ ಜೀವಂತ, ಡಿಸ್ಕಿಗೆ ಬರೆಯುವುದೂ ನಡೆದಿರುತ್ತದೆ. ಆ ಹೊತ್ತಿನಲ್ಲಿ ಕರೆಂಟು ಕೀಳುವುದು ರಿಪೇರಿಯಲ್ಲ, ಹಾವಳಿ.

ಇದಕ್ಕೆ ಲಿನಕ್ಸ್ ಕೊಡುವ ಮದ್ದು ಸಿಸ್‌ಆರ್‌ಕ್ಯು ಕೀಲಿ, ಹೆಚ್ಚಿನ ಕೀಬೋರ್ಡುಗಳಲ್ಲಿ ಪ್ರಿಂಟ್ ಸ್ಕ್ರೀನ್ ಕೀಲಿಯೇ ಅದು. ಆಲ್ಟ್ ಜೊತೆ ಅದನ್ನು ಹಿಡಿದು 'ಆರ್' ಒತ್ತಿದರೆ ಕೀಬೋರ್ಡ್ ಕರ್ನೆಲ್ ಕೈಗೆ ಮರಳುತ್ತದೆ. ಆಮೇಲೆ ಕಂಟ್ರೋಲ್, ಆಲ್ಟ್, ಎಫ್3 ಒತ್ತಿ ಬೇರೆ ಕನ್ಸೋಲಿಗೆ ಹೋಗಿ ಲಾಗಿನ್ ಆಗಬಹುದು. ಅದೂ ಆಗದಿದ್ದರೆ 'ಕೆ': ಆ ಕನ್ಸೋಲಿನಲ್ಲಿದ್ದ ಪ್ರೋಗ್ರಾಂಗಳನ್ನು ಕೊಂದು ಅದನ್ನು ಅಕ್ಷರದ ಸ್ಥಿತಿಗೆ ತರುತ್ತದೆ. ಸೇವ್ ಮಾಡದ ಅರ್ಜಿ ಉಳಿಯುತ್ತದೆಂಬ ಭರವಸೆ ಇಲ್ಲ. ಆದರೆ ಪ್ರಿಂಟ್ ಸರದಿ, ಡೇಟಾಬೇಸ್ ಬದುಕುತ್ತವೆ. ಬಲ್ಲವರು ಆರ್, ಇ, ಐ, ಎಸ್, ಯು, ಬಿ ಎಂದು ಆರಕ್ಷರವನ್ನೂ ಮಂತ್ರದಂತೆ ಕಲಿಸುತ್ತಾರಲ್ಲ, ಅದು ಇಲ್ಲಿಗೆ ಅತಿಯಾಯಿತು. ನಡುವಿನ 'ಇ', 'ಐ' ಎಲ್ಲ ಪ್ರೋಗ್ರಾಂಗಳನ್ನೂ ಮುಗಿಸುತ್ತವೆ, ಕೊನೆಯ 'ಬಿ' ರೀಬೂಟ್. ಬರೀ ಚಿತ್ರ ಕೆಟ್ಟಾಗ ಊರಿಗೇ ಬೆಂಕಿ ಯಾಕೆ?

ಮದ್ದು ಒಳ್ಳೆಯದು, ಬಡಿಸುವವರ ಕೈ ಬಿಗಿ. ಲಿನಕ್ಸಿನ ಒಂದು ರೂಪವಾದ ಉಬುಂಟುವಿನಲ್ಲಿ ಈ ಕೀಲಿಯ ಮೂಲ ಸೆಟಿಂಗ್ 176. ಅದರಲ್ಲಿ ಡಿಸ್ಕ್ ಉಳಿಸಲು, ರೀಬೂಟ್ ಮಾಡಲು ಅನುಮತಿಯುಂಟು. ನಮಗೆ ಬೇಕಾದ 'ಆರ್', 'ಕೆ' ಎರಡಕ್ಕೂ ಇಲ್ಲ. ಇನ್ನೊಂದು ರೂಪವಾದ ಡೆಬಿಯನ್ನಿನ 438ರಲ್ಲಿ ಇವೆರಡೂ ಸಿಗುತ್ತವೆ. ಹತ್ತು ಜನ ಮುಟ್ಟುವ ಕೀಬೋರ್ಡಿನಲ್ಲಿ ಕೊಲ್ಲುವ ಕೀಲಿ ಬೇಡವೆಂಬ ಎಚ್ಚರ ಸರಿಯೇ. ಆದರೆ ಅದೇ ಹತ್ತು ಜನರ ಕೈಗೆ ಪವರ್ ಬಟನ್ ಎಟಕುತ್ತದೆ! ಎಕ್ಸ್ ಅನ್ನೇ ಕೊಲ್ಲುತ್ತಿದ್ದ ಕಂಟ್ರೋಲ್, ಆಲ್ಟ್, ಬ್ಯಾಕ್‌ಸ್ಪೇಸ್ ಕೂಡ 2009ರಲ್ಲೇ ತಾನಾಗಿ ಕೆಲಸ ಮಾಡುವುದನ್ನು ನಿಲ್ಲಿಸಿತು. ಅದೇ ವರ್ಷ ಬಂದ 2.6.29 ಕರ್ನೆಲ್ ಪರದೆಯ ಸ್ಥಿತಿ ಹೊಂದಿಸುವ ಕೆಲಸವನ್ನು ತಾನೇ ವಹಿಸಿಕೊಳ್ಳತೊಡಗಿದ್ದರಿಂದ ಚಿತ್ರ ಮರಳುವುದು ಸಲೀಸಾಯಿತು ಎಂಬುದನ್ನೂ ಹೇಳಬೇಕು. ಕೆಲವು ಲ್ಯಾಪ್‌ಟಾಪುಗಳಲ್ಲಿ ಸಿಸ್‌ಆರ್‌ಕ್ಯು ಕೀಲಿಯನ್ನೇ ತೆಗೆದುಹಾಕಿದ್ದಾರೆ.

ಕನ್ನಡಿಗರಿಗೆ ಇನ್ನೊಂದು ತೊಡಕು. ಹಾಗೂ ಹೀಗೂ ಕನ್ಸೋಲ್ ತಲುಪಿದರೆ ಅಲ್ಲಿ ಕನ್ನಡವೇ ಇಲ್ಲ. ಅದರ ಅಕ್ಷರಸಂಪುಟಕ್ಕೆ 512 ಆಕಾರಗಳ ಮಿತಿ. ಒತ್ತಕ್ಷರ ಜೋಡಿಸುವ ಶಕ್ತಿಯಂತೂ ಇಲ್ಲ. 'ಮಳವಳ್ಳಿ ಅರ್ಜಿ' ಎಂದು ಹೆಸರಿಟ್ಟ ಕಡತ ಬರೀ ಚೌಕಗಳ ಸಾಲು. ತುರ್ತಿನ ಹೊತ್ತಿಗೆ ನಮ್ಮ ಭಾಷೆಯನ್ನು ಹೊರಗೇ ನಿಲ್ಲಿಸುವ ಈ ಕೊರತೆಯನ್ನು ಸಣ್ಣದೆಂದು ನಾನು ಒಪ್ಪಲಾರೆ.

ಉಬುಂಟು ಬಳಸುವ ಅಂಗಡಿಯವರು 176ನ್ನು 180 ಮಾಡಿಕೊಳ್ಳಿ. ಯಂತ್ರ ಸರಿಯಿರುವಾಗಲೇ ಒಮ್ಮೆ 'ಆರ್' ಒತ್ತಿ ನೋಡಿ, ಆ ಕೀಲಿಗಳ ಹೆಸರನ್ನು ಕನ್ನಡದಲ್ಲೇ ಬರೆದು ಮಾನಿಟರ್ ಪಕ್ಕ ಅಂಟಿಸಿಡಿ.