ನೆಲದ ಋಣ: ಗುರುಚರಣ ಸಿಂಗರ ಕುಂಭಕಲೆ

ಆಳಂದ ತಾಲ್ಲೂಕಿನ ಮಾದನಹಿಪ್ಪರಗಾ ಎರೆನೆಲದ ಸೀಮೆಗೆ ಸೇರಿದುದು. ನೆನೆದರೆ ಉಬ್ಬುವ, ಒಣಗಿದರೆ ಬಿರಿಯುವ ಎರೆಮಣ್ಣು ಮರಳನ್ನೋ ಬೂದಿಯನ್ನೋ ಬೆರೆಸಿ ಹದಗೊಳಿಸದ ಹೊರತು ಗಡಿಗೆಗೆ ಒದಗದು. ಮಣ್ಣಿನ ಗುಣವನ್ನು ಅರಿಯುವುದೇ ಕುಂಬಾರನ ಮೊದಲ ವಿದ್ಯೆ. ಈ ಅಳತೆಗೋಲನ್ನೇ ಹಿಡಿದು, ಭಾರತದ ಆಧುನಿಕ ಕುಂಭಕಲೆಗೆ ಅಡಿಗಲ್ಲಿಟ್ಟವರಲ್ಲಿ ಒಬ್ಬರಾದ ಸರದಾರ ಗುರುಚರಣ ಸಿಂಗರ ಸಾಧನೆಯನ್ನು ನಾವಿಲ್ಲಿ ಪರಿಶೀಲಿಸಿದ್ದೇವೆ.

ಸಿಂಗರು ಭೂವಿಜ್ಞಾನವನ್ನು ಓದಿದವರು. ಯೌವನದಲ್ಲಿಯೇ, 1919ರಲ್ಲಿ, ಜಪಾನಿಗೆ ತೆರಳಿ ಟೋಕಿಯೋದಲ್ಲಿ ಪಿಂಗಾಣಿ ವಿದ್ಯೆಯನ್ನು ಅಭ್ಯಸಿಸಿದರು. ಅಲ್ಲಿ ಬರ್ನಾರ್ಡ್ ಲೀಚ್, ತೊಮಿಮೊತೊ, ಯಾನಗಿ ಮೊದಲಾದವರ ಒಡನಾಟ ಲಭಿಸಿತು. ದಿನಬಳಕೆಯ ಪಾತ್ರೆಯಲ್ಲಿಯೂ ಸೌಂದರ್ಯವುಂಟೆಂಬುದು ಆ ಬಳಗದ ನಂಬಿಕೆ. ಸಿಂಗರ ಸರಳ ಆಕಾರವನ್ನೂ ಮಿತವಾದ ಅಲಂಕಾರವನ್ನೂ ಕಂಡು ಇದು ಜಪಾನಿನ ಅನುಕರಣೆಯೆಂದು ತೀರ್ಮಾನಿಸುವುದು ಸುಲಭ. ಆದರೆ ಅದು ಸರಿಯಲ್ಲ. ದೆಹಲಿಯ ಪಠಾಣ ಕುಂಬಾರ ಅಬ್ದುಲ್ಲಾ ಅವರಿಂದ ಅರಿತ ನೀಲಿ ಮೆರುಗನ್ನು ಅವರು ಕೈಬಿಡಲಿಲ್ಲ. 1952ರಲ್ಲಿ ತಾವು ಸ್ಥಾಪಿಸಿದ ಕಾರ್ಯಾಗಾರಕ್ಕೆ ‘ಡೆಲ್ಲಿ ಬ್ಲೂ’ ಎಂದೇ ಹೆಸರಿಟ್ಟರು. ಪರದೇಶ ಅವರಿಗೆ ಮಾದರಿಯನ್ನು ಕೊಡಲಿಲ್ಲ, ಮನೆಯ ಸೊತ್ತನ್ನು ಕಾಣುವ ಕಣ್ಣನ್ನು ಕೊಟ್ಟಿತು.

ಈ ಭಾಗದವರಿಗೆ ಆ ನೀಲಿ ಅಪರಿಚಿತವಲ್ಲ. ಗೀಲಾನಿನಿಂದ ಬಂದ ಮಹಮೂದ್ ಗವಾನನು 1472ರಲ್ಲಿ ಬೀದರಿನಲ್ಲಿ ಕಟ್ಟಿಸಿದ ಮದರಸಾದ ಗೋಡೆಗಳ ಮೇಲೆ ಬಣ್ಣದ ಬಿಲ್ಲೆಗಳು ಇಂದಿಗೂ ಅಲ್ಲಲ್ಲಿ ಉಳಿದಿವೆ. ಅಲ್ಲಿ ಬಣ್ಣವು ಗೋಡೆಯನ್ನು ಮುಚ್ಚಿ ಮೆರೆಯುತ್ತದೆ. ಸಿಂಗರ ಹೂಜಿಯಲ್ಲಾದರೋ, ತಾಮ್ರದಿಂದ ಹುಟ್ಟಿದ ಹಸಿರುನೀಲಿ ಪಾತ್ರೆಯ ಉಬ್ಬುತಗ್ಗುಗಳಿಗೆ ಅಧೀನವಾಗಿ ನಿಲ್ಲುತ್ತದೆ. ಈ ಸಂಯಮವೇ ಅವರ ಹಿರಿಮೆಯೆಂದು ನಮ್ಮ ಮತ.

ಒಂದು ಕೊರತೆಯನ್ನೂ ಹೇಳಬೇಕು. ಅವರು ರೂಢಿಗೆ ತಂದ, ಕಲ್ಲಿನಂತೆ ಗಟ್ಟಿಯಾಗುವ ಪಾತ್ರೆಗಳು ಸುಮಾರು 1200 ಡಿಗ್ರಿ ಉರಿಯನ್ನು ಬೇಡುತ್ತವೆ. ಹಳ್ಳಿಯ ಆವಿಗೆಗೆ ಅದು ಎಟುಕದು. ಆದ್ದರಿಂದ ಆ ಪಾತ್ರೆ ಪಟ್ಟಣದ ಮನೆಗಳನ್ನು ಸೇರಿತು. ಹಳ್ಳಿಯ ತಿಗರಿ ಇದ್ದಂತೆಯೇ ಉಳಿಯಿತು. ದಿನಬಳಕೆಯ ಸೌಂದರ್ಯವನ್ನು ಎತ್ತಿಹಿಡಿದ ಕಲೆಗೆ ಇದು ಸಣ್ಣ ಪ್ರಶ್ನೆಯಲ್ಲ.

ಕುಂಬಾರ ಗುಂಡಯ್ಯನ ಮಡಕೆಯ ದನಿಗೆ ಶಿವನೇ ಕುಣಿದನೆಂದು ನಂಬಿದ ನಾಡು ನಮ್ಮದು. ಸಿಂಗರು 1991ರಲ್ಲಿ ಪದ್ಮಶ್ರೀ ಪಡೆದು 1995ರಲ್ಲಿ ತೀರಿಕೊಂಡರು. ಅವರು ಬಿಟ್ಟುಹೋದ ಕೆಲಸ ಅವರ ನೀಲಿಯನ್ನು ಅನುಕರಿಸುವುದಲ್ಲ. ನಮ್ಮ ಎರೆಮಣ್ಣನ್ನು ಅವರ ಕಣ್ಣಿನಿಂದ ನೋಡುವುದು.